ಭುಜದ ಮೇಲಿನ ಕೈ

ರೆಂಝೊ ಮಹಾ ಜಂಬದ ಮನುಷ್ಯ. ಇರಲಿ ಬಿಡಿ, ಜಂಬಪಡುವಷ್ಟು ಕೆಲಸವನ್ನೂ ಮಾಡಿದ್ದ. ಇಟಲಿಯಿಂದ ಒಂದು ಹಳೇ ಕ್ಯಾಮೆರಾ ಹೊತ್ತು ಲಾಸ್ ಏಂಜಲಿಸ್‌ಗೆ ಬಂದವನು, ಬರ್ಬ್ಯಾಂಕ್‌ನ ಸ್ಟುಡಿಯೋಗಳಲ್ಲಿ ನಟನಟಿಯರ ಮುಖದ ಫೋಟೋ ತೆಗೆದು ತೆಗೆದೇ ಹೆಸರು ಮಾಡಿದ. "ಬೇಡದ್ದನ್ನು ಚೌಕಟ್ಟಿನಿಂದ ಆಚೆ ಹಾಕು, ಉಳಿದದ್ದೇ ಫೋಟೋ" ಎನ್ನುವುದು ಅವನ ಮಂತ್ರ. ಹೆಂಡತಿಯೂ ಹಾಗೇ ಆಚೆ ಹೋದಳೆಂದು ಜನ ಆಡಿಕೊಳ್ಳುತ್ತಿದ್ದರು. ವಯಸ್ಸಾದ ಮೇಲೆ ಕಡಲ ತೀರದ ಡೆಲ್ ಮಾರ್‌ಗೆ ಬಂದು ಭಾನುವಾರದ ಫೋಟೋಗ್ರಫಿ ಕ್ಲಾಸ್ ಶುರುಮಾಡಿದ.

ಆ ಕ್ಲಾಸಿಗೆ ಬರುತ್ತಿದ್ದವನು ಹತ್ತಿರದ ಯೂನಿವರ್ಸಿಟಿ ಸಿಟಿ ಬಡಾವಣೆಯ ಇಂದುಧರ, ವಿಜಯಪುರ ಕಡೆಯ ಎಂಜಿನಿಯರ್. 2021ರ ಚಳಿಗಾಲದ ಒಂದು ಬೆಳಿಗ್ಗೆ ಅವನ ಫೋನು ಬಂತು. ಜೊತೆಗಿದ್ದ ಅವನ ತಾಯಿ ಚೆನ್ನಮ್ಮ ಮನೆಯಲ್ಲೇ ತೀರಿಕೊಂಡಿದ್ದರು.

"ಸರ್, ನಮ್ಮಲ್ಲಿ ಮಣ್ಣು ಮಾಡೋ ಮೊದಲು ಹೋದವರನ್ನ ಕೂರಿಸಿ, ಜೊತೆಗೆ ಕೂತು ಫೋಟೋ ತೆಗೆಸ್ತೀವಿ. ಕೊರೊನಾ ಅಂತ ಅಕ್ಕ ಊರಿಂದ ಬರೋಕಾಗ್ಲಿಲ್ಲ. ಅವ್ವ ಒಬ್ಬಳೇ ಹೋಗ್ಲಿಲ್ಲ ಅಂತ ಅವಳಿಗೆ ತೋರಿಸ್ಬೇಕು."

ಹಿಂದಿನ ವರ್ಷ ತನ್ನ ತಾಯಿ ಸತ್ತಾಗ ವಿಮಾನವಿಲ್ಲದೆ ಇಲ್ಲೇ ಉಳಿದವನು ರೆಂಝೊ. ಕ್ಯಾಮೆರಾ ಎತ್ತಿಕೊಂಡು ಹೊರಟ.

ಚೆನ್ನಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಹೂವಿನ ಹಾರ. ದೇಹ ವಾಲದಂತೆ ಇಂದುಧರ ಪಕ್ಕದಲ್ಲಿ ಕೂತು ಭುಜ ಹಿಡಿದಿದ್ದ. ಹೆಂಡತಿ ಗೌರಿ ಫೋನ್ ಎತ್ತಿದಾಗ, "ಬೇಡ, ಸರ್ ತೆಗೀತಿದ್ದಾರಲ್ಲ" ಎಂದು ಅವನೇ ತಡೆದ.

ಕಿಟಕಿಯ ಬೆಳಕು ಆ ಮುದಿ ಮುಖದ ಮೇಲೆ ಬಿದ್ದದ್ದೇ ತಡ, ರೆಂಝೊನಿಗೆ ಬೇರೇನೂ ಕಾಣಲಿಲ್ಲ. ಅಬ್ಬಾ, ಎಂಥ ಮುಖ! ಹತ್ತಿರ ಹೋದ, ಇನ್ನೂ ಹತ್ತಿರ ಹೋದ. ತನ್ನ ತಾಯಿಯೇ ಕೂತಂತೆನಿಸಿ, ಕಣ್ಣೊರೆಸಿಕೊಂಡು ಒಂದರ ಮೇಲೊಂದು ತೆಗೆದ.

ವಾರದ ಮೇಲೆ ದೊಡ್ಡ ಪ್ರಿಂಟ್ ತಂದುಕೊಟ್ಟ. ತನ್ನ ಜೀವಮಾನದ ಅತ್ಯುತ್ತಮ ಫೋಟೋ ಅದೆಂದು ಅವನಿಗೆ ಗೊತ್ತಿತ್ತು. ಇಂದುಧರ ಬಹಳ ಹೊತ್ತು ನೋಡಿದ.

"ತುಂಬಾ ಚೆನ್ನಾಗಿದೆ ಸರ್. ನಾನಿರೋದು ಕೊಡಿ."

ಇಂದುಧರ ಇರುವ ಫೋಟೋ ಒಂದೂ ಇರಲಿಲ್ಲ. ಭುಜದ ಮೇಲೊಂದು ಕೈ ಅಡ್ಡ ಬಂದಿತ್ತು, ಅದನ್ನೂ ಕಂಪ್ಯೂಟರ್ ಮುಂದೆ ಕೂತು ತಾನೇ ನೀಟಾಗಿ ಅಳಿಸಿದ್ದ. ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಈಗ ಬುದ್ಧಿ ಬಂದು ಏನು ಪ್ರಯೋಜನ? ಮಣ್ಣಾಗಿ ಆರು ದಿನ ಕಳೆದಿತ್ತು. ತಡವರಿಸುತ್ತ ಇದ್ದದ್ದನ್ನು ಹೇಳಿದ. ಇಂದುಧರ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಕೈ ಅಳಿಸದೇ ಇರೋದು ಇದೆಯಾ ಸರ್?"

ಅದೇ ಸಂಜೆ ರೆಂಝೊ ಅದನ್ನು ತಂದ. ಮುಖವಿಲ್ಲ, ತೋಳಿಲ್ಲ, ವಾಚು ಕಟ್ಟಿದ ಒಂದು ಕೈ, ಅಷ್ಟೇ. ಇಂದುಧರ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದ.

"ನೀ ಎಲ್ಲಿದ್ದೀಯೋ ತಮ್ಮಾ? ಕಾಣವಲ್ಲಿ."

"ಈ ಕೈ ನೋಡ ಅಕ್ಕಾ. ನಂದ ಐತಿ. ಕೊನೀತನಕ ಬಿಟ್ಟಿಲ್ಲ ನಾ."

ಅಕ್ಕ ಪರದೆಗೆ ಕಣ್ಣು ಹತ್ತಿರ ತಂದಳು. ರೆಂಝೊನಿಗೆ ಕನ್ನಡ ಬಾರದು. ಆದರೆ ಇಂದುಧರ ಅದೇ ವಾಚಿನ ಕೈಯನ್ನು ಎತ್ತಿ, ಅಕ್ಕ ನಂಬಲಿ ಎಂದು ಫೋಟೋದ ಪಕ್ಕದಲ್ಲಿ ಹಿಡಿದು ನಿಂತದ್ದು ಅವನಿಗೆ ಕಂಡಿತು.