ಅಣ್ಣನ ಹೆಸರಿನ ಸೀರೆ

ಸುಚಿತ್ರಾಳ ಅಣ್ಣ ಮಾಲತೇಶ ದೀಪಾವಳಿಗೆ ಬ್ಯಾಡಗಿಗೆ ಬರುವುದನ್ನು ಬಿಟ್ಟು ಎರಡು ವರ್ಷವಾಗಿತ್ತು.

ಅವಳ ಮದುವೆಯಾದ ಮೊದಲ ವರ್ಷ ಅವನು ಐರಣಿಯಿಂದ ಬಸ್ಸು ಹಿಡಿದು ಬಂದಿದ್ದ. ಮಣೆಯ ಮೇಲೆ ಕೂತು ಆರತಿ ಬೆಳಗಿಸಿಕೊಂಡು ತಟ್ಟೆಯಲ್ಲಿ ಒಂದು ಕುಬಸದ ಖಣ ಇಟ್ಟಿದ್ದ. ಅದೇ ದಿನ ಮನೆಯ ಇನ್ನೊಬ್ಬ ಸೊಸೆ, ನೆಗೆಣ್ಣಿ ಸುನಿತಾಳ ಅಣ್ಣಂದಿರು ಕಾರಿನಲ್ಲಿ ಬಂದು ರೇಷ್ಮೆ ಸೀರೆ, ಬೆಳ್ಳಿ ದೀಪ ಕೊಟ್ಟರು. ಸುನಿತಾ ಯಾರನ್ನೂ ಹೀಯಾಳಿಸುವವಳಲ್ಲ. ಆದರೆ ಸಂಜೆ ಓಣಿಯ ಹೆಂಗಸರು ಬಂದಾಗ ಅತ್ತೆ ದೇವವ್ವ ಎರಡೂ ತಟ್ಟೆಗಳನ್ನು ಅಕ್ಕಪಕ್ಕ ಇಟ್ಟಳು. ಯಾರೋ ಖಣವನ್ನು ಎತ್ತಿ ನೋಡಿ, ಹಾಗೇ ಕೆಳಗಿಟ್ಟರು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಮಾಲತೇಶ ಅದನ್ನು ನೋಡಿದ.

ಮರುವರ್ಷ ಅವನು ಸೀರೆ ತಂದ. ಅದರ ಮರುವರ್ಷ ಬೆಳ್ಳಿಯ ಕಾಲ್ಗೆಜ್ಜೆ. ಆಮೇಲೆ ಬರೀ ಫೋನು ಬಂತು: "ಹಬ್ಬದಾಗ ಡ್ಯೂಟಿ ಐತಿ, ತಂಗಿ." ಅವನು ಓಡಿಸುತ್ತಿದ್ದುದು ಶಾಲೆಯ ಮಕ್ಕಳ ವ್ಯಾನು. ಹಬ್ಬಕ್ಕೆ ಶಾಲೆ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಈ ವರ್ಷ ಅವಳೇ ಮೊದಲು ಫೋನು ಮಾಡಿದಳು.

"ಏನೂ ತರಬ್ಯಾಡಣ್ಣ. ನೀ ಬಂದ್ರ ಸಾಕು."

"ಬರಿಗೈಲೆ ತಂಗಿ ಮನಿಗೆ ಹೆಂಗ ಬರ್ಲಿ?"

"ಯಾಕ ಬರಬಾರದು?"

ಅವನು ತನ್ನ ಮಕ್ಕಳ ಓದಿನ ಮಾತು ತೆಗೆದ.

ಪಾಡ್ಯದ ದಿನ ಬೆಳಿಗ್ಗೆ ಗಂಡ ಯುವರಾಜ ಅವಳನ್ನು ಹಿತ್ತಲಿಗೆ ಕರೆದ. ಅವನು ಫ್ಯಾನು, ಮಿಕ್ಸರು ರಿಪೇರಿ ಮಾಡುವವನು, ಮಾತು ಕಡಿಮೆ. ಹೆಂಡತಿ ವಾರದಿಂದ ಸರಿಯಾಗಿ ಉಣ್ಣದ್ದನ್ನು ನೋಡಿದ್ದ.

"ರಾಣೇಬೆನ್ನೂರಿಗೆ ಹೋಗೂಣ ನಡಿ. ಒಂದು ಚಲೋ ಸೀರಿ ತಗೊಳ್ಳೂಣ. ಅಣ್ಣ ಅಲ್ಲೇ ಭೆಟ್ಟಿ ಆಗಿ ಕೊಟ್ಟು ಹ್ವಾದ ಅಂತ ಅವ್ವಗ ಹೇಳಿದ್ರಾತು. ನಿನ್ನ ಮಾನನೂ ಉಳಿತೈತಿ, ಅವನ ಮಾನನೂ ಉಳಿತೈತಿ."

ಅವನ ಪ್ರೀತಿ ಅವಳಿಗೆ ಅರ್ಥವಾಯಿತು. ಅಣ್ಣನನ್ನು ಕಂಡು ಬರುತ್ತೇವೆ ಎಂದು ಅವನು ತಾಯಿಗೆ ಹೇಳಿದ; ಅವಳು ಬೇಡ ಎನ್ನಲಾರದೆ ಬೈಕು ಹತ್ತಿದಳು.

ಅಂಗಡಿಯ ಮುಂದೆ ಕಟ್ಟಡದಷ್ಟೇ ಎತ್ತರದ ಬ್ಯಾನರು. ಅದರಲ್ಲಿ ಆರತಿ ಹಿಡಿದ ತಂಗಿ, ನಗುವ ಅಣ್ಣ, ನಡುವೆ ಸೀರೆಯ ಡಬ್ಬಿ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಸೀರೆ ತೋರಿಸುವವನು ಒಂದರ ಮೇಲೊಂದು ಬಿಡಿಸಿ ಹಾಸಿದ.

"ಆಫರ್ ಇವತ್ತ ಕಡೀ ದಿನ ನೋಡ್ರಿ ಅಕ್ಕಾರ. ಇದರ ಜೋಡಿ ಇನ್ನೊಂದು ತಗೊಂಡ್ರ ಬೆಳ್ಳಿ ನಾಣ್ಯ. ಈಗ ಆಗೂದಿಲ್ಲಂದ್ರ ಕಂತಿನ್ಯಾಗ ಕೊಡ್ರಿ."

ನೇರಳೆ ಒಡಲಿಗೆ ಹಸಿರು ಅಂಚಿನ ಒಂದು ಸೀರೆ ಅವಳಿಗೆ ನಿಜವಾಗಿಯೂ ಹಿಡಿಸಿತು. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದಳು.

"ಯಾರು ಕೊಡಸಾಕತ್ತಾರ್ರಿ? ಯಜಮಾನ್ರು?"

"ಅಣ್ಣ," ಎಂದಳು ಸುಚಿತ್ರಾ.

"ಎಲ್ಲಿದಾರ್ರಿ ಅಣ್ಣಾರು? ಕರೀರಿ, ಅವರಿಗೂ ಒಂದು ಶರ್ಟು ತೋರಸ್ತೀನಿ."

ಅವನು ಬಾಗಿಲ ಕಡೆ ಕತ್ತು ಚಾಚಿದ. ಅವಳೂ ತಿರುಗಿ ನೋಡಿದಳು. ಜನ ಬರುತ್ತಿದ್ದರು, ಹೋಗುತ್ತಿದ್ದರು. ಅಷ್ಟು ಜನರಲ್ಲಿ ಮಾಲತೇಶ ಇರಬಹುದು ಎಂದು ಅರೆಗಳಿಗೆ ಅವಳಿಗೆ ಖರೇನೇ ಅನಿಸಿತು. ಸೆರಗನ್ನು ಹೆಗಲಿನಿಂದ ತೆಗೆದು, ಮಡಿಚಿ, ಕೆಳಗಿಟ್ಟಳು.

"ಬ್ಯಾಡ್ರಿ."

"ರೇಟು ಹೆಚ್ಚಾತೇನ್ರಿ? ಇದ ಬಣ್ಣದಾಗ ಕಡಿಮಿದು ತೋರಸ್ತೀನಿ, ಕುಂದರ್ರಿ."

"ರೇಟಿನ ಮಾತಲ್ಲ," ಎಂದು ಎದ್ದಳು.

ಹೊರಗೆ ಬಂದ ಮೇಲೆ ಯುವರಾಜ, "ಚಲೋ ಇತ್ತಲ್ಲ?" ಎಂದ.

"ಚಲೋ ಇತ್ತು. ಅದನ್ನ ಒಯ್ದ್ರ ಅತ್ತಿಯವ್ರಿಗೆ, ಓಣಿಯವ್ರಿಗೆ ಅಣ್ಣ ಬಂದಂಗ ಆಗ್ತೈತಿ. ನನಗ ಆಗೂದಿಲ್ಲ. ಐರಣಿಗೆ ಕರಕೊಂಡ ಹೋಗ್ರಿ ನನ್ನ."

ಅವನು ಅವಳ ಮುಖ ನೋಡಿ, ಬೈಕು ತಿರುಗಿಸಿದ.

ಅಣ್ಣನ ಮನೆಯ ಹೊಸ್ತಿಲಲ್ಲಿ, ಪಾಡ್ಯದ ಪೂಜೆಗೆಂದು ಸಗಣಿಯಲ್ಲಿ ಮಾಡಿಟ್ಟ ಪಾಂಡವರು ಚೆಂಡುಹೂ ಮುಡಿದು ಕೂತಿದ್ದರು. ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದ ಮಾಲತೇಶ ತಂಗಿಯನ್ನು ಕಂಡು ಗಾಬರಿಯಾದ.

"ಏನಾತು?"

"ಏನೂ ಆಗಿಲ್ಲ. ಆರತಿ ಬೆಳಗಾಕ ಬಂದೇನಿ."

ಅವನ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದವು. ಫೋನಿನಲ್ಲಿ ಅದು ಗೊತ್ತಾಗಿರಲಿಲ್ಲ. ಅತ್ತಿಗೆ ಗದಿಗೆವ್ವ ಮಣೆ ಹಾಕಿ ತಟ್ಟೆ ತಂದಳು. ಸುಚಿತ್ರಾ ಕುಂಕುಮ ಹಚ್ಚಿ ಆರತಿ ಬೆಳಗಿದಳು. ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅವಳು ಆ ಕೈ ಹಿಡಿದುಕೊಂಡಳು.

"ಅಕ್ಷತಿ ಹಾಕು. ಸಾಕು."

ಅವನು ಅವಳ ತಲೆಯ ಮೇಲೆ ನಾಲ್ಕು ಅಕ್ಕಿಕಾಳು ಹಾಕಿದ. ಮಣೆಯಿಂದ ಏಳಲಿಲ್ಲ. ಕೂತಲ್ಲಿಂದಲೇ, "ಹ್ವಾದ ವರ್ಷ ನಾ ಬಂದಿದ್ದೆ," ಎಂದ.

"ಎಲ್ಲಿಗೆ?"

"ಬ್ಯಾಡಗಿ ಬಸ್‌ಸ್ಟ್ಯಾಂಡಿಗೆ. ಕೈಯಾಗ ಒಂದು ಪೇಢೆ ಪಾಕೀಟು ಇತ್ತು. ಸುನಿತಾನ ಅಣ್ಣಾರ ಕಾರು ನಿಮ್ಮ ಓಣಿ ಕಡೆ ಹೋಗೂದು ಕಂಡೆ. ಅಲ್ಲೇ ಕಟ್ಟಿಮ್ಯಾಲ ಕುಂತೆ. ಆಮ್ಯಾಲ ಹೊಳ್ಳಿ ಬಂದೆ."

ಬಸ್‌ಸ್ಟ್ಯಾಂಡಿನಿಂದ ಅವಳ ಮನೆಗೆ ಪೇಟೆ ದಾಟಿದರೆ ಮುಗಿಯಿತು. ಆ ದಿನ ಅವಳು ಎಣ್ಣೆ ಹಾಕಿದ ಬತ್ತಿ ತಟ್ಟೆಯಲ್ಲಿಟ್ಟುಕೊಂಡು ಕಾದಿದ್ದಳು. ಕತ್ತಲಾದ ಮೇಲೆ ಅದನ್ನು ದೇವರ ಮುಂದೆ ಹಚ್ಚಿದ್ದಳು.

"ನಾ ಬಾಗಲದಾಗ ನಿಂತಿದ್ದೆ," ಎಂದಳು.

"ಗೊತ್ತಿತ್ತು," ಎಂದ ಮಾಲತೇಶ.

ಹೋಳಿಗೆ ಉಂಡು ಹೊರಟಾಗ ಅವನು ಬೈಕಿನ ಹ್ಯಾಂಡಲ್ಲು ಹಿಡಿದು ನಿಂತ. "ಮುಂದಿನ ವರ್ಷ ಬರ್ತಿಯಲ್ಲ?" ಎಂದು ಅವಳು ಕೇಳಿದಳು. "ನಿಮ್ಮ ಅತ್ತಿ..." ಎಂದು ಅವನು ಅರ್ಧಕ್ಕೆ ನಿಲ್ಲಿಸಿದ.

"ಅತ್ತಿಯವ್ರಿಗೆ ನಾ ಹೇಳ್ತೀನಿ."

ಅವನು ಹೂಂ ಎನ್ನಲಿಲ್ಲ. ಹ್ಯಾಂಡಲ್ಲನ್ನು ಬಿಡಲೂ ಇಲ್ಲ. ಯುವರಾಜ ಇಂಜಿನ್ ಆರಿಸಿ ಕಾದ.

ಮನೆ ಮುಟ್ಟಿದಾಗ ಓಣಿಯಲ್ಲಿ ದೀಪ ಹಚ್ಚಿದ್ದರು. ದೇವವ್ವ ಅವಳ ಖಾಲಿ ಕೈ ನೋಡಿದಳು.

"ಏನು ಕೊಟ್ಟ ನಿಮ್ಮಣ್ಣ?"

"ಏನೂ ಕೊಡ್ಲಿಲ್ರಿ ಅತ್ತಿ. ನಾನ ಬ್ಯಾಡಂದೆ. ಹೋಗಿ ಆರತಿ ಬೆಳಗಿ ಬಂದೆ."

ದೇವವ್ವ ಇನ್ನೂ ಏನೋ ಇದೆ ಎಂಬಂತೆ ಕಾದು, "ಕೇಳಿದವ್ರಿಗೆ ಏನಂತ ಹೇಳೂದು?" ಎಂದು ಗೊಣಗುತ್ತ ಒಳಗೆ ಹೋದಳು. ಸುನಿತಾ ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟಳು.

ಕೂತ ಸ್ವಲ್ಪ ಹೊತ್ತಿಗೆ ಫೋನು ಬಂತು.

"ಮುಟ್ಟಿದ್ಯಾ?"

"ಮುಟ್ಟಿದೆ, ಅಣ್ಣ."

ಆ ಕಡೆ ಪಟಾಕಿ ಹಾರುವ ಸದ್ದು ಕೇಳುತ್ತಿತ್ತು, ಈ ಕಡೆಯೂ. ಫೋನನ್ನು ಇಬ್ಬರೂ ಇಡಲಿಲ್ಲ.