ಚಿಕ್ಕಪ್ಪನ ಎಡಗಣ್ಣು

ತೀರಾ ಹಿಂದೆಯೇನಲ್ಲ, ಏಳು ಸಮುದ್ರದ ಆಚೆಯೂ ಅಲ್ಲ, ಬಸ್ ನಿಲ್ದಾಣದಿಂದ ಮೂರನೆಯ ತಿರುವಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನಿಗೆ ಎರಡು ಕಣ್ಣುಗಳಿದ್ದವು. ಫೋಟೊಗಳ ಪ್ರಕಾರ ಮಾತ್ರ ಒಂದೇ.

ಹುಡುಗನಾಗಿದ್ದಾಗಿನಿಂದ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಡಗಣ್ಣು ಮುಚ್ಚಿ ಕೆಲಸ ಮಾಡಿದವನು. ಎದುರಿಗೆ ಯಾವ ಗಾಜು ಬಂದರೂ ಆ ಎಡಗಣ್ಣು ತಾನಾಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಮದುವೆಯ ಫೋಟೊದಲ್ಲೂ ಅದೇ ಕಥೆ.

“ಯಾರಿಗೆ ಕಣ್ಣು ಹೊಡೆದದ್ದು ಅಂತ ಇಪ್ಪತ್ತೆಂಟು ವರ್ಷದಿಂದ ಕೇಳ್ತಿದ್ದೀನಿ,” ಎನ್ನುತ್ತಿದ್ದಳು ಹೆಂಡತಿ. “ಇನ್ನೂ ಬಾಯಿ ಬಿಟ್ಟಿಲ್ಲ.”

ಅವನ ಅಕ್ಕನದೇ ಫೋಟೊ ಸ್ಟುಡಿಯೊ. ಅಕ್ಕ ಹನ್ನೊಂದು ಸಲ ಪ್ರಯತ್ನಿಸಿ ಕೈತೊಳೆದುಕೊಂಡಿದ್ದಳು. ಅಲ್ಲಿ ಫೋಟೊಗಳ ಅಂಚು ಕತ್ತರಿಸುತ್ತ ಎರಡು ವರ್ಷ ಕಳೆದವಳು ಇವರಿಬ್ಬರ ಅಣ್ಣನ ಮಗಳು. ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಒಂದು ದಿನ ಚಿಕ್ಕಮ್ಮ ಅದೇ ಹಳೇ ದೂರು ಬಿಚ್ಚಿದಾಗ ಕತ್ತರಿಯ ಬಾಯಿಂದ ಮಾತು ಜಾರಿಬಿಟ್ಟಿತು: “ಎರಡೂ ಕಣ್ಣಿರೋ ಫೋಟೊ ನಾನು ತೆಗೆದುಕೊಡ್ತೀನಿ ಚಿಕ್ಕಮ್ಮ.”

ಸ್ಟುಡಿಯೊದ ಒಡತಿ ಅತ್ತೆ ತಲೆಯೆತ್ತಲಿಲ್ಲ. “ತೆಗೆದ್ರೆ ಕ್ಯಾಮೆರಾ ನಿನ್ನ ಕೈಗೆ. ಇಲ್ದಿದ್ರೆ ಇನ್ನೊಂದು ವರ್ಷ ಅಂಚು ಕತ್ತರಿಸ್ತಾ ಇರು. ಒಂದು ತಿಂಗಳು ಟೈಮು.”

ಮೊದಲ ಭಾನುವಾರ ಕತ್ತರಿ ತೀರಾ ಹತ್ತಿರ ಹೋಗಿ ತೆಗೆದಳು. ಚಿಕ್ಕಪ್ಪನ ಮೂಗು ಉಳಿದ ಮುಖಕ್ಕಿಂತ ಮೊದಲೇ ಬಂದು ತಲುಪಿತ್ತು. ಎರಡನೆಯ ಭಾನುವಾರ ದೂರ ನಿಂತು ಉದ್ದನೆಯ ಲೆನ್ಸ್ ಹಾಕಿದಳು, ಅವನನ್ನು ಕಿಟಕಿಯ ಬಳಿ ಕೂರಿಸಿ, ನೆರಳು ಬಿದ್ದ ಕೆನ್ನೆಗೂ ಬೆಳಕು ಬೀಳಲೆಂದು ಆ ಕಡೆ ಬಿಳಿ ರಟ್ಟು ನಿಲ್ಲಿಸಿದಳು. ಮೂಗು ತನ್ನ ಜಾಗಕ್ಕೆ ಮರಳಿತು. ಮುಚ್ಚಿದ ರೆಪ್ಪೆ ಒಂದೊಂದು ಕೂದಲೂ ಎಣಿಸುವಷ್ಟು ಚೆನ್ನಾಗಿ ಬಂತು.

“ನಗಿ ಚಿಕ್ಕಪ್ಪ.”

“ಯಾಕೆ, ಏನಾಯ್ತು?”

“ಕಣ್ಣಾದ್ರೂ ಬಿಡಿ.”

“ಬಿಟ್ಟೇ ಇದ್ದೀನಲ್ಲ ಮಗಾ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೇ ಅನ್ನಿಸುತ್ತಿತ್ತು.

“ಕ್ಯಾಮೆರಾ ಹಿಂದೆ ಅವಿತುಕೊಂಡು ಅಪ್ಪಣೆ ಕೊಟ್ರೆ ಯಾರು ಕೇಳ್ತಾರೆ?” ಅಂದಳು ಅತ್ತೆ. “ನಾನೂ ಅದನ್ನೇ ಮಾಡಿ ಕೆಟ್ಟೆ. ಮೊದಲು ಮನುಷ್ಯನನ್ನ ನೋಡು.”

ಮೂರನೆಯ ವಾರ ಕತ್ತರಿ ಬರಿಗೈಯಲ್ಲಿ ಚಿಕ್ಕಪ್ಪನ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ವಾಚು ಬಿಚ್ಚುವಾಗ ಅವನಿಗೆ ಒಂದೇ ಕಣ್ಣು, ಜೋಡಿಸುವಾಗಲೂ ಒಂದೇ ಕಣ್ಣು. ಸಂಜೆ ಭೂತಗನ್ನಡಿ ಕೆಳಗಿಟ್ಟು, ರಿಪೇರಿಯಾದ ವಾಚನ್ನು ಕಿವಿಗೆ ಹಿಡಿದ. ಆಗ ಎರಡೂ ಕಣ್ಣು ತೆರೆದಿದ್ದವು, ಮಲಗಿದ ಮಗುವಿನ ಉಸಿರು ಕೇಳುವವನ ಹಾಗೆ. ಕತ್ತರಿ ಯಾರಿಗೂ ಹೇಳಲಿಲ್ಲ.

ಕೊನೆಯ ಭಾನುವಾರ ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ಚಿಕ್ಕಪ್ಪನ ಕಿಟಕಿ ಕಡೆಯ ಕಣ್ಣಿಗೆ ಫೋಕಸ್ ಹೊಂದಿಸಿ, ದೂರದಿಂದಲೇ ಫೋಟೊ ತೆಗೆಯುವ ತಂತಿಯ ಸ್ವಿಚ್ ಮುಷ್ಟಿಯಲ್ಲಿ ಹಿಡಿದು ಅವಳು ಕ್ಯಾಮೆರಾದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಳು.

“ಚಿಕ್ಕಪ್ಪ, ಅತ್ತೆಯ ವಾಚು ದಿನಾ ನಾಲ್ಕು ನಿಮಿಷ ಹಿಂದೆ ಬೀಳುತ್ತಂತೆ.”

“ಅವಳೇ ಹಿಂದೆ ಬಿದ್ದಿರ್ತಾಳೆ. ಕೊಡು ಇಲ್ಲಿ.” ಕಿವಿಗೆ ಹಿಡಿದ. “ಶ್…”

ಅವಳು ಕಾದಳು. ಈ ಹಿಂದೆ ಕಾದದ್ದೇ ಇಲ್ಲವೆಂದು ಆಗ ಹೊಳೆಯಿತು.

“ಹೇಗಿದೆ?” ಎಂದು ಮೆಲ್ಲಗೆ ಕೇಳಿದಳು.

ಚಿಕ್ಕಪ್ಪ ಲೆನ್ಸನ್ನು ಮರೆತು ನೇರ ಅವಳ ಮುಖ ನೋಡಿದ, ಒಳ್ಳೇ ಸುದ್ದಿ ಹೇಳುವ ಡಾಕ್ಟರನಂತೆ. ಅವಳು ಸ್ವಿಚ್ ಒತ್ತಿದಳು.

ಪ್ರಿಂಟು ಬಂದಾಗ ಅತ್ತೆ ಕತ್ತರಿಯ ಮೇಜಿಗೆ ಹೋಗಿ, ತಾನೇ ಅಂಚು ಕತ್ತರಿಸಿ ಚಿಕ್ಕಮ್ಮನ ಕೈಗಿಟ್ಟಳು. ಚಿಕ್ಕಮ್ಮ ಬೆರಳಿನಿಂದ ಒಂದು ಕಣ್ಣು ಮರೆಮಾಡಿ ನೋಡಿದಳು, ಆಮೇಲೆ ಇನ್ನೊಂದನ್ನು.

“ಎರಡಿವೆ,” ಅಂದಳು.