ಶಿವರಾಜುವಿನ ಹೆಸರಲ್ಲಿ ಒಂಬತ್ತು ದಿನ

ನೊಣವಿನಕೆರೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ ಶಿವರಾಜು, ಹೃದಯದ ಕವಾಟದ ಆಪರೇಷನ್ ಆದಮೇಲೆ ಫೋನಿನಲ್ಲೇ ಒಂದು ಬಳಗ ಕಟ್ಟಿಕೊಂಡಿದ್ದ. ಅವನಂಥ ಹೃದ್ರೋಗಿಗಳೇ ಸೇರಿ ಮಾಡಿಕೊಂಡ ಗುಂಪು ಅದು. ಆಸ್ಪತ್ರೆಯವರು ಪ್ರಯೋಗಕ್ಕೆಂದು ಅವನ ಎದೆಗೆ ತೆಳ್ಳನೆಯ ಪಟ್ಟಿಯೊಂದನ್ನು ಕೊಟ್ಟಿದ್ದರು. ಹಲ್ಲಿಯ ಪಾದ ಗೋಡೆ ಹಿಡಿಯುವ ಬಗೆ ನೋಡಿ ಮಾಡಿದ್ದಂತೆ. ಗೋಂದಿಲ್ಲ, ಕಿತ್ತು ತೊಳೆದರೂ ಮತ್ತೆ ಅಂಟುತ್ತಿತ್ತು. ಅದು ಫೋನಿಗೆ ಕಳಿಸುವ ಎದೆಬಡಿತದ ಗೆರೆಯನ್ನು ಅವನು ದಿನಾ ಬೆಳಿಗ್ಗೆ ಗುಂಪಿಗೆ ಹಾಕುತ್ತಿದ್ದ.

ಅದಕ್ಕಾಗಿ ಎಲ್ಲರಿಗಿಂತ ಹೆಚ್ಚು ಕಾಯುತ್ತಿದ್ದವಳು ಅಮ್ಮಸಂದ್ರದ ನಿರ್ಮಲಾ. ಇಪ್ಪತ್ತೆರಡರ ಹುಡುಗಿ, ಅದೇ ಆಪರೇಷನ್‌ಗೆ ಹೆದರಿ ಎರಡು ಸಲ ದಿನ ಮುಂದೂಡಿದ್ದಳು. "ನನ್ ನೋಡವ್ವ, ಗುಂಡ್ಕಲ್ಲಂಗೆ ಇವ್ನಿ. ಧೈರ್ಯವಾಗಿ ಹೋಗು," ಎಂದು ಶಿವರಾಜು ಹೇಳಿ ಹೇಳಿ ಮೂರನೆಯ ಸಲ ಒಪ್ಪಿಸಿದ್ದ.

ಆಪರೇಷನ್‌ಗೆ ಹತ್ತು ದಿನವಿದ್ದಾಗ, ತೆಂಗಿನ ತೋಟದಲ್ಲಿ ಎಳನೀರು ಕುಡಿಯುತ್ತ ಕೂತಿದ್ದವನು ಹಾಗೆಯೇ ಒರಗಿಹೋದ.

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅವನ ಫೋನಿಗೆ ನಿರ್ಮಲಾಳ ಸಂದೇಶ ಬಂತು: "ಅಣ್ಣ, ಇವತ್ತಿಂದು ಎಲ್ಲಿ? ಹೆದರ್ಕೆ ಆಯ್ತೈತೆ."

ಹೆಂಡತಿ ಶಾಂತಕುಮಾರಿ, "ಅಣ್ಣ ಹೋಗ್ಬುಟ್ರು" ಎಂದು ಬರೆದು, ಅಳಿಸಿದಳು. ಇದನ್ನೋದಿದರೆ ಆ ಹುಡುಗಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಗಂಡನ ಎದೆಯಿಂದ ಬಿಡಿಸಿಟ್ಟಿದ್ದ ಪಟ್ಟಿಯನ್ನು ತನ್ನೆದೆಗೆ ಒತ್ತಿಕೊಂಡಳು. ಗೆರೆ ಮೂಡಿತು. ಕಳಿಸಿದಳು.

"ಬಡಿತ ಜಾಸ್ತಿ ಐತಲ್ಲಣ್ಣ?"

"ಬಿರ್ಬಿರ‍್ನೆ ನಡ್ಕಂಡ್ ಬಂದೆ ಕಣವ್ವ," ಎಂದು ಬರೆದಳು.

ಶಿವರಾಜುವಿನ ಅಕ್ಕ ರಾಮಕ್ಕನಿಗೆ ಇದು ಗೊತ್ತಾಗಿ ಮೈಯುರಿಯಿತು. "ತಿಥಿ ಇನ್ನೂ ಆಗಿಲ್ಲ, ಸತ್ತೋನ್ ಹೆಸರಲ್ಲಿ ಸುಳ್ ಹೇಳ್ತೀಯಲ್ಲೇ!"

"ಬುಡಿ ಅತ್ತಿಗೆ. ಆ ಮಗು ಒಳೀಕ್ ಹೋಗಿ ಹೊರೀಕ್ ಬರ್ಲಿ."

ಒಂಬತ್ತು ದಿನ ಹೀಗೇ ನಡೆಯಿತು. ಅವನಂತೆ ಬರೆಯುವುದರಲ್ಲಿ ಅವನು ಒಳಕೋಣೆಯಲ್ಲೆಲ್ಲೋ ಇದ್ದಾನೆಂದೇ ಅವಳಿಗೆ ಅನ್ನಿಸುತ್ತಿತ್ತು, ಅತ್ತದ್ದೂ ಕಡಿಮೆ.

ಆಪರೇಷನ್ ಚೆನ್ನಾಗಾಯಿತು. ನಿರ್ಮಲಾ ಮನೆಗೆ ಬಂದು ಚೇತರಿಸಿಕೊಂಡ ಮೇಲೆ ಶಾಂತಕುಮಾರಿ ಫೋನು ಮಾಡಿ ಎಲ್ಲ ಹೇಳಿದಳು.

"ಹಂಗಾರೆ ನಾನ್ ನೋಡ್ತಿದ್ದಿದ್ದು ಯಾರೆದೆ?"

"ನಂದು ಕಣವ್ವ."

"ನಂಗ್ ಹೇಳ್ಬೇಕಿತ್ತಕ್ಕ. ಅಣ್ಣಂಗೋಸ್ಕರ ಒಂದಿನಾನೂ ಅಳ್ನಿಲ್ಲ ನಾನು," ಎಂದು ಬಿಕ್ಕಿದ ನಿರ್ಮಲಾ ಫೋನಿಟ್ಟಳು. ಸಂಜೆಯ ಹೊತ್ತಿಗೆ ಗುಂಪನ್ನೂ ಬಿಟ್ಟಿದ್ದಳು. ಮತ್ತೆಂದೂ ಮಾತಾಡಲಿಲ್ಲ.

ಶಾಂತಕುಮಾರಿ ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ಹುಲ್ಲು ಹಾಕಿದಳು. ಹಾಕುತ್ತಲೇ ಕುಸಿದು ಕೂತು, ಗಂಡನ ಹೆಸರು ಹಿಡಿದು ಕೂಗಿ ಅತ್ತಳು. ರಾಮಕ್ಕ ಓಡಿಬಂದು, ಏನೂ ಕೇಳದೆ, ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.